ಸಾಲಿನ ನಡುವೆ ನಡೆಯುವವನು

ನಮ್ಮ ತಾಳವಾಡಿ ಸೀಮೆಯಲ್ಲಿ ಆನೆಯನ್ನು ಆನೆ ಎಂದು ಕರೆಯುವವರು ಕಡಿಮೆ. ಸಾಮಿ ಎನ್ನುತ್ತೇವೆ. 'ಸಾಮಿ ಕೋಸಿನ ಹೊಲಕ್ಕೆ ಬಂದಿದ್ರು' ಎಂದು ಬಹುವಚನ ಕೊಟ್ಟೇ ಮಾತಾಡುತ್ತೇವೆ. ಹಾವಿಗೆ ಹುಳ ಎನ್ನುತ್ತೇವೆ. ಚಿರತೆಗಂತೂ ಹೆಸರೇ ಇಲ್ಲ, ಬರೀ 'ಅದು'. ಹೆಸರಿಟ್ಟು ಕರೆದರೆ ಬಂದುಬಿಡುತ್ತದೆ ಎಂದು ಹಿರಿಯರು ಹೇಳಿಕೊಟ್ಟಿದ್ದಾರೆ. ನಾನು ಲೆಕ್ಕದ ಮೇಷ್ಟ್ರು. ಬಾಯಲ್ಲಿ ಒಂದು ಪದ ಹೊರಡುವುದಕ್ಕೂ ಕಾಡಿನಿಂದ ಅಷ್ಟು ದೊಡ್ಡ ಪ್ರಾಣಿ ಹೊರಡುವುದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ಆದರೂ ಈ ಬರಹದ ಮೊದಲ ಸಾಲಿನಲ್ಲೇ ಆ ಪದವನ್ನು ಎರಡು ಸಲ ಬರೆದುಬಿಟ್ಟೆನಲ್ಲ ಎಂದು ಎದ್ದುಹೋಗಿ ಹಿತ್ತಿಲ ಬಾಗಿಲಿನ ಚಿಲಕ ನೋಡಿಕೊಂಡು ಬಂದು ಕುಳಿತಿದ್ದೇನೆ.

ನಾನು ಪುಕ್ಕಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಯಾಕೆಂದರೆ ನನ್ನ ಹೆಂಡತಿ ಮಂಗಳ ಮದುವೆಯಾದ ಮೂರನೆಯ ದಿನವೇ ಇದನ್ನು ಕಂಡುಹಿಡಿದು ಊರಿಗೆಲ್ಲ ಹೇಳಿಯಾಗಿದೆ. ಕರೆಂಟು ಹೋದರೆ ನನಗೆ ಹೆದರಿಕೆ. ಹೋದ ಕರೆಂಟು ತಕ್ಷಣ ಬಂದುಬಿಟ್ಟರೆ ಇನ್ನೂ ಹೆದರಿಕೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಬಸ್ಸು ಇಳಿಯುವಾಗ ಕಣ್ಣು ಮುಚ್ಚಿಕೊಂಡು ಎಣಿಸುತ್ತೇನೆ. ಒಂದು ಸಲ ಎಣಿಕೆ ಇಪ್ಪತ್ತಾರಕ್ಕೇ ನಿಂತುಬಿಟ್ಟು, ಮಿಕ್ಕ ಒಂದು ತಿರುವು ಎಲ್ಲಿ ಹೋಯಿತೋ ಎಂದು ಸತ್ಯಮಂಗಲ ಮುಟ್ಟುವ ತನಕ ಬೆವರಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬಳು ನನಗೆ ವಾಂತಿ ಬರುತ್ತಿದೆಯೆಂದು ತಿಳಿದು ನಿಂಬೆಹಣ್ಣು ಕೊಟ್ಟಳು. ಪುಕ್ಕಲುತನದಲ್ಲಿ ಒಂದು ಲಾಭವಿದೆ. ಹೆದರುವವನನ್ನು ಜನ ಜವಾಬ್ದಾರಿಯುಳ್ಳ ಮನುಷ್ಯ ಎಂದುಕೊಳ್ಳುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಮನೆ ಇರುವುದು ಪಣಕಹಳ್ಳಿಯ ಹತ್ತಿರ, ತೋಟದಲ್ಲಿ. ನಾನು ಪಾಠ ಮಾಡುವ ಶಾಲೆ ಅಲ್ಲಿಂದ ಎರಡೂವರೆ ಕಿಲೋಮೀಟರು. ರಸ್ತೆಯಲ್ಲಿ ಹೋದರೆ ಸುತ್ತು. ಕಾಡಂಚಿನ ಕಾಲುದಾರಿಯಲ್ಲಿ ಹೋದರೆ ಹತ್ತಿರ. ನಮ್ಮ ಸುತ್ತಿನ ಎಂಟು ಹೆಣ್ಣುಮಕ್ಕಳು ಆ ಕಾಲುದಾರಿಯಲ್ಲಿ ನಡೆದೇ ಶಾಲೆಗೆ ಹೋಗುತ್ತಾರೆ. ಅವರ ಅಮ್ಮಂದಿರೂ ಹಾಗೆಯೇ ಹೋದವರು. ಆ ನಡಿಗೆಗೆ ಒಂದು ಪದ್ಧತಿಯಿದೆ. ಆನೆ ಬರದಂತೆ ತೋಡಿದ ಟ್ರೆಂಚಿನ ಮೇಲೊಂದು ಕಲ್ಲುಚಪ್ಪಡಿ ಹಾಸಿದೆ. ಅದನ್ನು ದಾಟಿದ ಮೇಲೆ ದೊಡ್ಡ ಹುಣಸೆಮರ ಸಿಗುವ ತನಕ ಎರಡೂ ಕಡೆ ಲಾಂಟಾನದ ಪೊದೆ, ಒಳಗೆ ಏನಿದೆಯೋ ಕಾಣುವುದಿಲ್ಲ. ಅಷ್ಟು ದೂರವೂ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಬೇಕು. ಗಂಟಲು ದೊಡ್ಡದಿರುವವರು ಮುಂದೆ, ಗಟ್ಟಿಗರು ಹಿಂದೆ, ಹೆದರುಪುಕ್ಕಲರು ನಡುವೆ. ಮುಂದಿನವಳು ನೂರು ಹೆಜ್ಜೆಗೊಂದು ಸಲ ಕೂಗು ಹಾಕಬೇಕು: "ಓ... ಸಾಮೀ! ಮಕ್ಳು ಬತ್ತಾವ, ದಾರಿ ಬುಡೀ!" ಆನೆಗಳಿಗೂ ನಮ್ಮಂತೆಯೇ ಇದ್ದಕ್ಕಿದ್ದಂತೆ ಎದುರಾದರೆ ಗಾಬರಿ. ಮೊದಲೇ ಹೇಳಿಕೊಂಡು ಬಂದರೆ ಪಕ್ಕಕ್ಕೆ ಸರಿಯುತ್ತವೆ.

ನನ್ನ ಮಗಳು ಚೈತ್ರ ಏಳನೇ ಕ್ಲಾಸಿನಿಂದ ಆ ಸಾಲಿನ ಮುಂದಾಳು. ಅವಳ ಕೂಗು ನಮ್ಮ ಜಗಲಿಗೇ ಕೇಳುತ್ತಿತ್ತು. ಮೊದಲ ಕೂಗಿಗೆ ನಾನು ಷರಟು ಹಾಕಿಕೊಳ್ಳುತ್ತಿದ್ದೆ, ಕೊನೆಯ ಕೂಗಿಗೆ ಸ್ಕೂಟರು ಒದೆಯುತ್ತಿದ್ದೆ. ಹುಣಸೆಮರ ದಾಟಿದ ಮೇಲೆ ಅವರು ಬ್ಯಾಗನ್ನು ಬೆನ್ನಿಗೆ ಬಿಗಿದುಕೊಂಡು ಶಾಲೆಯ ಗೇಟಿನ ತನಕ ಓಟ ಕೀಳುತ್ತಿದ್ದರು. ಹಾಗೆ ಓಡಿ ಓಡಿಯೇ ಚೈತ್ರ ಒಂಬತ್ತನೇ ಕ್ಲಾಸಿನಲ್ಲಿ ತಾಲ್ಲೂಕಿನ ಓಟದಲ್ಲಿ ಗೆದ್ದಳು. ಮುಂದಿನ ಪಂದ್ಯ ಈರೋಡಿನಲ್ಲಿತ್ತು. ಈರೋಡಿಗೆ ಹೋಗಬೇಕಾದರೆ ಘಾಟಿ ಇಳಿಯಬೇಕು. ನಾನು ಆ ಇಪ್ಪತ್ತೇಳನೆಯ ತಿರುವನ್ನು ನೆನೆಸಿಕೊಂಡು, "ಬರೋ ವರ್ಸ ಪೊದುತ್ತೇರ್ವು ಅದ ಕೂಸೆ, ಈಗ ಓಡ್ಕ ಕೂತ್ರ ಆಯ್ತದಾ?" ಎಂದೆ. ಹತ್ತನೆಯ ಪಬ್ಲಿಕ್ ಪರೀಕ್ಷೆಗೆ ನಮ್ಮಲ್ಲಿ ತಮಿಳಿನ ಆ ಹೆಸರೇ. ಅದರ ಹೆಸರು ಹೇಳಿದರೆ ಯಾವ ಮಕ್ಕಳೂ ಎದುರು ಮಾತಾಡುವುದಿಲ್ಲ.

ಅವಳು ಹತ್ತನೇ ಕ್ಲಾಸಿಗೆ ಬಂದ ಜೂನ್ ತಿಂಗಳಲ್ಲಿ ಒಂದು ದಿನ ಹುಣಸೆಮರದ ಬುಡದಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಲದ್ದಿ ಕಂಡಿತಂತೆ. ಮಕ್ಕಳು ಅದನ್ನು ದಾಟಿಕೊಂಡು ಬಂದು, ಶಾಲೆಯಲ್ಲಿ ನಗುನಗುತ್ತಾ ನನಗೆ ಹೇಳಿದರು. ನಾನು ಸ್ಟಾಫ್ ರೂಮಿನಲ್ಲಿ ಕುರ್ಚಿ ಹಿಡಿದುಕೊಂಡು ಕುಳಿತೆ. ಸಾಯಂಕಾಲ ಚೈತ್ರಳಿಗೆ, ನಾಳೆಯಿಂದ ನನ್ನ ಜೊತೆ ಸ್ಕೂಟರಿನಲ್ಲೇ ಬರಬೇಕೆಂದು ಹೇಳಿದೆ. ಅವಳು ಅತ್ತಳೇ, ಹಟ ಹಿಡಿದಳೇ ಎಂದರೆ ಅದೇನೂ ಇಲ್ಲ.

"ನಾನಿಲ್ದಿದ್ರ ಮುಂದ್ಗಡ ಯಾರಪ್ಪ ಕೂಗಾರು?" ಎಂದಷ್ಟೇ ಕೇಳಿದಳು.

"ಯಾರಾದ್ರೂ ಕೂಗ್ತರ, ಬುಡು" ಎಂದೆ.

ಇದರ ಜೊತೆಗೆ ನಾನು ಮಾಡಿದ ಇನ್ನೊಂದು ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಹತ್ತನೇ ಕ್ಲಾಸಿನ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಆಟದ ಪೀರಿಯಡ್ ಇರುತ್ತವೆ. ಇರುತ್ತವೆ ಎಂದರೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಇರುತ್ತವೆ. ವರ್ಷದ ಮೊದಲ ವಾರವೇ ನಾನು ಪಿ.ಟಿ. ಮೇಷ್ಟ್ರ ಬಳಿ ಹೋಗಿ, "ನಮ್ಮ ಮಕ್ಕಳಿಗೆ ವರ್ಗಸಮೀಕರಣ ಸ್ವಲ್ಪ ಗಟ್ಟಿ ಮಾಡಿಸಬೇಕು" ಎನ್ನುತ್ತೇನೆ. ಅವರು ನನ್ನ ಮುಖ ನೋಡಿ, ಕೈಯಲ್ಲಿದ್ದ ವಾಲಿಬಾಲನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಇದು ನಾನು ಸೇರಿದಾಗಿನಿಂದ ನಡೆದುಬಂದ ಶಾಸ್ತ್ರ. ಹೊರಗೆ ಬಿಸಿಲು ಬಿದ್ದಿರುತ್ತದೆ, ಮೈದಾನದಲ್ಲಿ ಎರಡು ಆಡು ಮೇಯುತ್ತಿರುತ್ತವೆ. ಒಳಗೆ ನಲವತ್ತು ಮಕ್ಕಳು ಆಡುಗಳನ್ನು ನೋಡುತ್ತಾ x ಬೆಲೆ ಕಂಡುಹಿಡಿಯುತ್ತಿರುತ್ತಾರೆ. ಆಟ ಬಿಡಿಸಿದರೆ ಅಂಕ ಬರುತ್ತದೆಂದು ನಾನು ನಂಬಿದ್ದೆ. ಈ ನಂಬಿಕೆಗೆ ಮಾತ್ರ ನಾನು ಯಾವತ್ತೂ ಪ್ರಮೇಯಕ್ಕೆ ಬರೆಯುವಂಥ ಸಾಧನೆ ಬರೆದು ನೋಡಲಿಲ್ಲ.

ಹೀಗೆ ನನ್ನ ಮಗಳು ಬೆಳಗ್ಗೆ ಸ್ಕೂಟರಿನ ಮೇಲೆ ಕುಳಿತು, ಆಮೇಲೆ ಬೆಂಚಿನ ಮೇಲೆ ಕುಳಿತು, ಮತ್ತೆ ಸ್ಕೂಟರಿನ ಮೇಲೆ ಕುಳಿತು ಬಂದು, ಮನೆಯಲ್ಲಿ ಪುಸ್ತಕದ ಮುಂದೆ ಕುಳಿತಳು. ಮೂರು ತಿಂಗಳಲ್ಲಿ ಅವಳು ಕುಳಿತಿರುವುದು ನಮಗೆಲ್ಲ ಅಭ್ಯಾಸವಾಯಿತು. ಮೊದಲು ಕೂಗು ನಿಂತಿತು. ಆಮೇಲೆ ಮಾತು ಕಡಿಮೆಯಾಯಿತು. ಮುದ್ದೆಯನ್ನು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ ಎದ್ದುಹೋಗುವಳು. ತಲೆ ಬಾಚಿಕೊಳ್ಳುವುದು ಬಿಟ್ಟಳು. ಕ್ಲಾಸ್ ಟೆಸ್ಟಿನ ದಿನ ಅಂಗೈ ಬೆವರಿ ಹಾಳೆ ಒದ್ದೆಯಾಗುತ್ತಿತ್ತು. "ಎದ ಡವಡವ ಅಂತದ ಕಣಪ್ಪ" ಎಂದಳು ಒಂದು ದಿನ. ಗ್ಯಾಸ್ಟ್ರಿಕ್ ಇರಬೇಕು ಎಂದೆ. ನಮ್ಮ ಕಡೆ ಗ್ಯಾಸ್ಟ್ರಿಕ್ ಎಂಬುದು ಬಹಳ ಮರ್ಯಾದಸ್ಥ ಕಾಯಿಲೆ. ಅದನ್ನು ಯಾರ ಮುಂದೆ ಬೇಕಾದರೂ ಹೇಳಬಹುದು, ಹೆಣ್ಣಿನ ಮದುವೆಗೂ ಅಡ್ಡಿ ಬರುವುದಿಲ್ಲ.

ನನ್ನ ತಾಯಿಗೆ ಗ್ಯಾಸ್ಟ್ರಿಕ್‌ನಲ್ಲಿ ನಂಬಿಕೆಯಿರಲಿಲ್ಲ. "ಯಾರ್ದೊ ಕಣ್ಣು ಬಿದ್ದದ ಕಣ್ಲಾ ಕೂಸ್ಗ" ಎಂದು ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಎಂದು ಅರ್ಥ. ಘಾಟು ಬಂತು. ಮನೆಮಂದಿಯೆಲ್ಲ ಕೆಮ್ಮಿಕೊಂಡು ಅಂಗಳಕ್ಕೆ ಓಡಿದೆವು, ದನಗಳೂ ಸೀನಿದವು. ಅವ್ವ ಮಾತ್ರ ಕಣ್ಣು ಮೂಗಲ್ಲಿ ನೀರು ಸುರಿಸಿಕೊಂಡು, "ನೋಡ್ಲಾ, ಒಂದ್ಚೂರೂ ಘಾಟೇ ಬರ್ನಿಲ್ಲ" ಎಂದು ಕೆಮ್ಮುತ್ತಲೇ ಹೇಳಿದಳು. ಚೈತ್ರ ಹಳೆಯ ಚೈತ್ರಳಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಗೋಡೆಗೆ ಒರಗಿಕೊಂಡು ಅಂಗಳವನ್ನು ನೋಡುತ್ತಿದ್ದಳು, ಅಷ್ಟೆ.

"ಕೂಸು ನಗಾಡಿ ಎಷ್ಟ್ ದಿನಾಯ್ತು, ಗ್ಯಾನ ಅದಾ ನಿಮ್ಗ?" ಎಂದು ಮಂಗಳ ನನ್ನನ್ನು ಕೇಳಿದಳು.

ಗ್ಯಾನ ಇತ್ತು. ನಾನು ಹೆದರುಪುಕ್ಕಲನೇ ಹೊರತು ಕುರುಡನಲ್ಲ. ಮನಸ್ಸಿಗೆ ಏನೋ ಆಗಿದೆ ಎಂದು ನನಗೆ ಗೊತ್ತಾಗಿತ್ತು. ಆದರೆ ಅದರ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ ಅದು ಬಂದೇಬಿಡುತ್ತದೆ ಎಂದು ಹೆದರಿದೆ. ಹಾವನ್ನು ಹುಳ ಎಂದು ಕರೆದು ಬದುಕಿದವನು ನಾನು. ಮಗಳ ಸಂಕಟವನ್ನೂ ಗ್ಯಾಸ್ಟ್ರಿಕ್ ಎಂದು ಕರೆದು ಬದುಕಿಕೊಳ್ಳಬಹುದು ಎಂದುಕೊಂಡೆ.

ಡಿಸೆಂಬರಿನ ಒಂದು ಬೆಳಗ್ಗೆ. ಚಳಿಯಿತ್ತು, ಹೊಲಗಳ ಮೇಲೆ ಮಂಜು ಕೂತಿತ್ತು. ಸ್ಕೂಟರು ಕಾಡಿನ ಪಕ್ಕದ ರಸ್ತೆಗೆ ಬಂದಾಗ ಹಿಂದೆ ಕುಳಿತಿದ್ದ ಚೈತ್ರ ಮೆಲ್ಲಗೆ "ಅಪ್ಪ" ಎಂದಳು.

"ಏನ್ ಮಗ?"

"ನಾನಿಲ್ದಿದ್ರ ನಿಮ್ಗೆಲ್ಲ ಸರಾಗ ಆಯ್ತದ, ಅಲ್ವಾ?"

ದನಿಯಲ್ಲಿ ಅಳುವಿರಲಿಲ್ಲ. ಸಂತೆಯಿಂದ ಏನು ತರಬೇಕೆಂದು ಕೇಳುವಾಗ ಇರುವಷ್ಟೇ ಸಪ್ಪೆಯಾಗಿತ್ತು. ಅದೇ ನನ್ನನ್ನು ಕೊಂದಿತು. ಕನ್ನಡಿಯಲ್ಲಿ ಅವಳ ಮುಖ ನೋಡಲು ಹೋದೆ. ಹೆಲ್ಮೆಟ್ಟಿನ ಅಂಚು ಮಾತ್ರ ಕಂಡಿತು. ಸ್ಕೂಟರು ನಿಲ್ಲಿಸಿಬಿಟ್ಟೆ. ಅಲ್ಲಿ ಯಾರೂ ಗಾಡಿ ನಿಲ್ಲಿಸುವುದಿಲ್ಲ. ನಿಲ್ಲಿಸಬಾರದೆಂದು ಕನ್ನಡದಲ್ಲೂ ತಮಿಳಿನಲ್ಲೂ ಬೋರ್ಡು ಬರೆದು, ಕೆಳಗೆ ಅಕ್ಷರ ಬಾರದವರಿಗೆಂದು ಸೊಂಡಿಲಿನ ಚಿತ್ರ ಬೇರೆ ಬಿಡಿಸಿದ್ದಾರೆ. ಆ ಬೋರ್ಡಿನ ಕೆಳಗೇ ನಿಂತು ನಾನು ಮಗಳ ಎರಡೂ ಕೈ ಹಿಡಿದುಕೊಂಡೆ. ಹದಿನೈದು ವರ್ಷದಿಂದ ನಾನು ಹೆದರಿದ್ದು ಪೊದೆಯೊಳಗಿನದಕ್ಕೆ. ನಿಜವಾದ ಅಪಾಯ ನನ್ನ ಬೆನ್ನ ಹಿಂದೆ, ನನ್ನ ಸೊಂಟ ಹಿಡಿದುಕೊಂಡು, ದಿನಾ ನನ್ನ ಜೊತೆಗೇ ಬರುತ್ತಿತ್ತು. ಆ ಕ್ಷಣ ಪೊದೆಯಿಂದ ಒಂದು ಹಿಂಡೇ ಇಳಿದಿದ್ದರೂ ನಾನು ತಿರುಗಿ ನೋಡುತ್ತಿರಲಿಲ್ಲ.

"ನಿಲ್ಲುಸ್ಬ್ಯಾಡ ಕಣಪ್ಪ, ಇಲ್ಲಿ ಸಾಮಿ ಬತ್ತರ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಶಾಲೆಗೆ ಹೋಗಲಿಲ್ಲ. ಸ್ಕೂಟರು ತಿರುಗಿಸಿ ಮನೆಗೆ ಬಂದೆ. ಮಂಗಳ ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ. ಒಲೆ ಮೇಲಿದ್ದ ಸಾರಿನ ಪಾತ್ರೆಯನ್ನು ಇಳಿಸಿ, ಸೀರೆ ಬದಲಾಯಿಸಿಕೊಂಡು ಬಂದು, "ನಗರಕ್ಕೆ ಓಗವ. ಇನ್ನೂ ಗ್ಯಾಸ್ಟ್ರಿಕ್ಕು ಗೀಸ್ಟ್ರಿಕ್ಕು ಅಂದ್ರ ನಾನೊಬ್ಳೇ ಕರ್ಕಂಡೋಯ್ತಿನಿ" ಎಂದಳು. ಚಾಮರಾಜನಗರವನ್ನು ನಾವು ನಗರ ಎನ್ನುತ್ತೇವೆ. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು, ಚೈತ್ರ ನಮ್ಮ ನಡುವೆ. ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಯಾವ ಡಾಕ್ಟರು ಬೇಕು, ಏನು ತೊಂದರೆ ಎಂದು ಕೇಳಿದರು. ನಾನು ಹಿಂದೆ ಮುಂದೆ ನೋಡಿ, ನಮ್ಮ ಕಡೆಯ ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಸ್ವಲ್ಪ ತಲೆನೋವು" ಎಂದೆ. ಮಂಗಳ ನನ್ನನ್ನು ಪಕ್ಕಕ್ಕೆ ತಳ್ಳಿ, ಕಿಟಕಿಯೊಳಕ್ಕೆ ಬಾಗಿ, "ಮನಸ್ಸಿನ ಡಾಕ್ಟ್ರು ಬೇಕು" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿದಳು. ಗಂಟಲು ಮಗಳಿಗೆ ಯಾರ ಕಡೆಯಿಂದ ಬಂದಿದೆ ಎಂಬುದು ನನಗೆ ಅವತ್ತು ಗೊತ್ತಾಯಿತು.

ಡಾಕ್ಟರಮ್ಮ ಮೊದಲು ನಮ್ಮನ್ನು ಹೊರಗೆ ಕಳಿಸಿ ಚೈತ್ರಳೊಬ್ಬಳ ಜೊತೆ ಮಾತಾಡಿದರು. ನಾನು ಹೊರಗೆ ನೆಲದ ಟೈಲ್ಸ್ ಎಣಿಸಿದೆ, ಎಣಿಕೆ ತಪ್ಪಿತು, ಮತ್ತೆ ಎಣಿಸಿದೆ. ಆಮೇಲೆ ನಮ್ಮನ್ನು ಒಳಗೆ ಕರೆದು, "ಇದಕ್ಕೆ ಖಿನ್ನತೆ ಅಂತಾರೆ, ಜೊತೆಗೆ ಆತಂಕವೂ ಇದೆ" ಎಂದು ಎರಡೂ ಹೆಸರನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಬಾಗಿಲ ಕಡೆ ನೋಡಿದೆ. ಅವರು ನಿಲ್ಲಿಸಲಿಲ್ಲ. "ಸಾಯುವ ಯೋಚನೆ ಬರುತ್ತಾ ಅಂತ ಮಗಳನ್ನ ನೇರವಾಗಿ ಕೇಳಿ. ಕೇಳಿದ್ದಕ್ಕೆ ಆ ಯೋಚನೆ ಹೊಸದಾಗಿ ಹುಟ್ಟೋದಿಲ್ಲ ಮೇಷ್ಟ್ರೇ. ಕೇಳದೆ ಇದ್ದರೆ ಅವಳು ಒಬ್ಬಳೇ ಹೊತ್ಕೊಂಡಿರ್ತಾಳೆ." ಹೆಸರು ಹೇಳಿದರೆ ಬಂದುಬಿಡುತ್ತದೆ ಎಂದು ಹೆದರಿದ್ದೆನಲ್ಲ, ಅದು ಬಂದು ಆರು ತಿಂಗಳಾಗಿತ್ತು. ನಾನು ಬಾಗಿಲು ತೆಗೆದವನೂ ಹೌದು, ನೋಡದೆ ಕುಳಿತವನೂ ಹೌದು.

ವಾರಕ್ಕೊಮ್ಮೆ ಬಂದು ಮಾತಾಡಬೇಕು, ಮನೆಯಲ್ಲಿ ಒಬ್ಬಳನ್ನೇ ಬಿಡಬಾರದು ಎಂದರು. ಮನೆಯಲ್ಲಿ, ತೋಟದಲ್ಲಿ ಅಪಾಯವಾಗಬಹುದಾದ ಸಾಮಾನುಗಳನ್ನು ಬೀಗ ಹಾಕಿಡಲು ಹೇಳಿದರು. ಒಂದು ಮಾತ್ರೆಯನ್ನೂ ಬರೆದರು. ಕೊನೆಗೆ ಚೈತ್ರಳ ಕಡೆ ತಿರುಗಿ, ಮೊದಲು ಚೆನ್ನಾಗಿದ್ದಾಗ ದಿನಾ ಏನು ಮಾಡುತ್ತಿದ್ದೆ ಎಂದು ಕೇಳಿದರು.

"ನಡೀತಿದ್ದಿ. ಓಡ್ತಿದ್ದಿ." ಸ್ವಲ್ಪ ತಡೆದು, "ಕೂಗ್ತಿದ್ದಿ" ಎಂದಳು.

"ಯಾಕಮ್ಮ ಬಿಟ್ಟೆ?"

ಅವಳು ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ಎಷ್ಟು ಕಷ್ಟಪಡುತ್ತಿದ್ದಳೆಂದರೆ ಡಾಕ್ಟರಮ್ಮನಿಗೆ ಎಲ್ಲವೂ ತಿಳಿಯಿತು. ನಡಿಗೆ, ಓಟ ಮಾತ್ರದಿಂದ ಎಲ್ಲ ಸರಿಯಾಗುತ್ತದೆ ಎಂದು ತಾವು ಹೇಳುತ್ತಿಲ್ಲ, ಮಾತ್ರೆ ಮತ್ತು ಮಾತು ಎರಡೂ ಬೇಕು ಎಂದರು. ಆದರೆ ಈ ವಯಸ್ಸಿನ ಮೈಯನ್ನು ಕೂರಿಸಿಬಿಟ್ಟರೆ ಹೆದರಿಕೆಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

ನಮ್ಮ ಶಾಲೆಯ ಕನ್ನಡ ಪಂಡಿತರು ಇಂಥದೇ ಒಂದು ಸಂಗತಿಯನ್ನು ಹಿಂದೊಮ್ಮೆ ಹೇಳಿದ್ದರು, ಆಗ ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಭಾವ ಮೈಯಲ್ಲಿ ತೋರುವ ಬಗೆಗಳನ್ನು ನಮ್ಮ ಅಲಂಕಾರಶಾಸ್ತ್ರದವರು ಎಂಟಾಗಿ ಎಣಿಸಿದ್ದಾರಂತೆ. ಕಾಲು ಕೀಳಲಾಗದೆ ನಿಂತುಬಿಡುವುದು, ಬೆವರುವುದು, ನಡುಗುವುದು, ಬಣ್ಣಗೆಡುವುದು, ದನಿ ಒಡೆಯುವುದು, ಕಣ್ಣೀರು ಹೀಗೆ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅದು ನೆನಪಾಗಿ, ಒಂದೊಂದನ್ನೇ ಮಗಳಿಗೆ ಹೊಂದಿಸಿ ನೋಡಿದೆ. ಎಂಟರಲ್ಲಿ ಆರು ಹೊಂದಿದವು. ಹಳಬರು ಭಯವನ್ನು ತಲೆಯಲ್ಲಿ ಹುಡುಕಲಿಲ್ಲ, ಕಾಲಿನಲ್ಲಿ, ಅಂಗೈಯಲ್ಲಿ, ಗಂಟಲಿನಲ್ಲಿ ಹುಡುಕಿದರು. ನಮ್ಮೂರ ಹೆಂಗಸರಿಗೆ ಅಲಂಕಾರಶಾಸ್ತ್ರ ಗೊತ್ತಿಲ್ಲ, ಆದರೂ ಅವರು ಮಕ್ಕಳಿಗೆ ಹೇಳಿಕೊಟ್ಟದ್ದು ಅದೇ ಎರಡು: ಕಾಲು ಆಡಿಸು, ಗಂಟಲು ತೆರೆ. ಕಾಡಿನಲ್ಲಿ ಹೆದರಿಕೆ ಇಲ್ಲವೆಂದು ಅವರು ಯಾವತ್ತೂ ಹೇಳಲಿಲ್ಲ. ಹೆದರಿಕೊಂಡೇ ನಡೆ, ಹೆದರಿಕೊಂಡೇ ಕೂಗು ಎಂದರು. ನಾನು ಓದಿದವನು, ಎರಡನ್ನೂ ನಿಲ್ಲಿಸಿದೆ.

ಡಾಕ್ಟರಮ್ಮ ಇನ್ನೊಂದು ಅಭ್ಯಾಸ ಹೇಳಿಕೊಟ್ಟಿದ್ದರು. ದಿನಾ ಬೆಳಗ್ಗೆ ಹೆದರಿಕೆ ಎಷ್ಟಿದೆಯೆಂದು ಹತ್ತಕ್ಕೆ ಅಂಕ ಹಾಕಿಕೊಳ್ಳಬೇಕು, ಮನೆಯಲ್ಲಿ ಒಬ್ಬರಿಗೆ ಹೇಳಬೇಕು. ಲೆಕ್ಕದ ಮೇಷ್ಟ್ರಿಗೆ ಹೇಳಿದರೆ ಸಾಕು ಎಂದು ಮಂಗಳ ನನ್ನನ್ನೇ ನೇಮಿಸಿದಳು. ಮೊದಲ ವಾರವೆಲ್ಲ ಚೈತ್ರ ಒಂಬತ್ತು ಹೇಳಿದಳು. ಒಂದು ದಿನ ಹತ್ತು ಎಂದಳು. ಅವತ್ತು ನಾನು ಕೇಳಬೇಕಾದ್ದನ್ನು ನೇರವಾಗಿ ಕೇಳಿದೆ. ಅವಳು "ಊಂ ಕಣಪ್ಪ, ಬತ್ತದ" ಎಂದು ಅತ್ತಳು. ನಾನೂ ಅತ್ತೆ. ಮಧ್ಯಾಹ್ನದ ಬಸ್ಸಿಗೆ ಮತ್ತೆ ನಗರಕ್ಕೆ ಹೋದೆವು. ಆ ದಿನ ಕೇಳದೆ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ನೆನೆಸಿಕೊಂಡರೆ ಈಗಲೂ ಎದ್ದುಹೋಗಿ ಅವಳು ಎಲ್ಲಿದ್ದಾಳೆಂದು ನೋಡಿಕೊಂಡು ಬರುತ್ತೇನೆ.

ಜನವರಿಯಲ್ಲಿ ಪಿ.ಟಿ. ಮೇಷ್ಟ್ರ ಬಳಿ ಹೋಗಿ ಎರಡು ಪೀರಿಯಡ್ಡನ್ನೂ ವಾಪಸು ಕೊಟ್ಟೆ. ಅವರಿಗೆ ಬೀರುವಿನ ಬೀಗದ ಕೈ ಎಲ್ಲಿಟ್ಟಿದ್ದರೆಂಬುದೇ ಮರೆತುಹೋಗಿತ್ತು. ಹುಡುಕಿ ತೆಗೆದರೆ ಚೆಂಡಿನಲ್ಲಿ ಗಾಳಿಯಿರಲಿಲ್ಲ. ನಲವತ್ತು ಮಕ್ಕಳು ಮೈದಾನಕ್ಕೆ ಬಂದು, ಇಲ್ಲೂ ಯಾರಾದರೂ ಲೆಕ್ಕ ಬರೆಸುತ್ತಾರೇನೋ ಎಂಬಂತೆ ಸಾಲಾಗಿ ನಿಂತರು. ಆಡುಗಳೇ ಅವರಿಗಿಂತ ಚುರುಕಾಗಿದ್ದವು.

ಇನ್ನು ಉಳಿದದ್ದು ಕಾಲುದಾರಿ. ಅದಕ್ಕೆ ನನಗೆ ಇನ್ನೂ ಹತ್ತು ದಿನ ಬೇಕಾಯಿತು. ಫೋನಿನಲ್ಲಿ ಊರವರದೊಂದು ಗುಂಪಿದೆ, ಬೆಳಗ್ಗೆ ಎಲ್ಲಿ ಏನು ಕಂಡಿತೆಂದು ಬರುತ್ತದೆ. ಕಂಡ ದಿನ ಮಕ್ಕಳೆಲ್ಲ ಬಸ್ಸಿಗೆ ಹೋಗುವುದು ಎಂದು ಮಾತಾಯಿತು. ಮಿಕ್ಕ ದಿನ ನಡಿಗೆ. ನಾನೂ ಜೊತೆಗೆ ಬರುತ್ತೇನೆ ಎಂದೆ. ಮಗಳನ್ನು ಕಾಯಲು ಬರುತ್ತಾನೆ ಎಂದು ಎಲ್ಲರೂ ಅಂದುಕೊಂಡರು, ಅವ್ವನೊಬ್ಬಳನ್ನು ಬಿಟ್ಟು. "ನಿನ್ನ ಯಾರ್ಲಾ ಕಾಯೋರು?" ಎಂದು ಅವಳು ಜಗಲಿಯಿಂದ ಕೇಳಿದಳು.

ಕಲ್ಲುಚಪ್ಪಡಿಯ ಹತ್ತಿರ ಮಕ್ಕಳು ಸಾಲು ಕಟ್ಟಿದರು. ನಾನು ದೊಡ್ಡವನ ಗತ್ತಿನಲ್ಲಿ ಹಿಂದೆ ಹೋಗಿ ನಿಂತೆ. ಆರನೇ ಕ್ಲಾಸಿನ ಸೌಮ್ಯ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ಎದ್ರುಪುಕ್ಲು ಮದ್ಯಕ್ಕ. ನನ್ ಇಂದ್ಗಡ ಬನ್ನಿ" ಎಂದಳು. ಯಾರೂ ನಗಲಿಲ್ಲ. ಇದು ಅಣಕವಲ್ಲ, ಪದ್ಧತಿ. ನಾನು ಹೋಗಿ ಆರನೇ ಕ್ಲಾಸು, ಎಂಟನೇ ಕ್ಲಾಸುಗಳ ನಡುವೆ ನಿಂತೆ. ಚೈತ್ರ ಮುಂದೆ ನಿಂತಳು. ಏಳು ತಿಂಗಳ ಮೇಲೆ.

ಹೊರಟೆವು. ನೂರು ಹೆಜ್ಜೆ ನಾನೇ ಎಣಿಸಿದೆ. ಕೂಗು ಬರಲಿಲ್ಲ. ನೂರ ಹತ್ತು. ನೂರ ಇಪ್ಪತ್ತು. ಚೈತ್ರಳ ಹೆಗಲು ಒಂದು ಸಲ ಮೇಲೆದ್ದು ಇಳಿಯಿತು, ದನಿ ಮಾತ್ರ ಹೊರಡಲಿಲ್ಲ. ಅವಳು ನಿಂತಳು. ಸಾಲೂ ನಿಂತಿತು. ಅದೇ ಹೊತ್ತಿಗೆ ಎಡಗಡೆಯ ಪೊದೆಯಲ್ಲಿ ಏನೋ ಸರಸರ ಎಂದಿತು. ಸೌಮ್ಯ ನನ್ನ ಕಿರುಬೆರಳು ಹಿಡಿದುಕೊಂಡಳು. ನನ್ನ ಕಾಲು ನೆಲಕ್ಕೆ ಹೂತಿತ್ತು, ಬೆನ್ನು ಬೆವರಿತ್ತು. ಪಂಡಿತರ ಎಂಟೂ ಒಟ್ಟಿಗೆ ನನ್ನ ಮೈಯಲ್ಲೇ ಇಳಿದಿದ್ದವು. ಪೊದೆಯಲ್ಲಿರುವುದಕ್ಕೆ ಹೆದರಿದೆನೋ, ಮುಂದೆ ನಿಂತಿರುವ ಮಗಳ ಮೌನಕ್ಕೆ ಹೆದರಿದೆನೋ ಹೇಳಲಾರೆ. ಯಾರಾದರೂ ಕೂಗಬೇಕಿತ್ತು. 'ಯಾರಾದ್ರೂ ಕೂಗ್ತರ, ಬುಡು' ಎಂದವನು ನಾನೇ. ಬಾಯಿ ತೆರೆದೆ. ದೊಡ್ಡದಾಗಿ "ಓ... ಸಾಮೀ" ಎನ್ನಲು ಹೋದೆ. ಹೊರಟದ್ದು ಕೋಳಿಮರಿಯ ಕೀಚು.

ಸಾಲಿನ ತುದಿಯಿಂದ ಯಾರೋ ಕಿಸಕ್ಕೆಂದರು. ಸೌಮ್ಯ ಬೆರಳು ಬಿಟ್ಟು ಬಾಯಿ ಮುಚ್ಚಿಕೊಂಡಳು. ಚೈತ್ರ ತಿರುಗಿ ನನ್ನನ್ನು ನೋಡಿದಳು. ಅವಳ ತುಟಿ ಮೊದಲು ನಡುಗಿತು, ಅಳುತ್ತಾಳೆಂದುಕೊಂಡೆ. ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬ್ಯಾಗಿನ ಭಾರಕ್ಕೆ ವಾಲಿಕೊಂಡು ನಕ್ಕಳು. ನಗುತ್ತಲೇ ಮುಂದಕ್ಕೆ ತಿರುಗಿ ಕೂಗಿದಳು: "ಓ... ಸಾಮೀ! ಮಕ್ಳು ಬತ್ತಾವ, ನಮ್ಮಪ್ಪನೂ ಬತ್ತದ, ದಾರಿ ಬುಡೀ!" ಪೊದೆಯಿಂದ ಯಾರದೋ ಕಂದು ಬಣ್ಣದ ಹಸು ಹೊರಗೆ ಬಂದು, ನಮ್ಮನ್ನು ಬೇಸರದಿಂದ ನೋಡಿ, ದಾರಿ ಬಿಟ್ಟಿತು. ಆ ಕೂಗು ಮನೆಯ ಜಗಲಿಗೂ ಕೇಳಿಸಿತೆಂದು ಮಂಗಳ ಆಮೇಲೆ ಹೇಳಿದಳು. ಅವಳು ಕೈಯಲ್ಲಿದ್ದ ಪೊರಕೆಯನ್ನು ಅಲ್ಲೇ ಬಿಟ್ಟು ಕುಳಿತುಬಿಟ್ಟಳಂತೆ.

ಇದರಿಂದ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಕೆಲವು ದಿನ ಚೈತ್ರ ಮಂಕಾಗಿರುತ್ತಾಳೆ. ಆ ದಿನಗಳಲ್ಲಿ ಕೂಗು ಸಣ್ಣದಿರುತ್ತದೆ, ಹೆಜ್ಜೆ ನಿಧಾನವಿರುತ್ತದೆ. ನಗರದ ಬಸ್ಸು ತಪ್ಪಿಲ್ಲ, ಮಾತ್ರೆ ನಿಂತಿಲ್ಲ. ನನ್ನ ಹೆದರಿಕೆಯೂ ಹೋಗಿಲ್ಲ; ಅವಳು ಐದು ನಿಮಿಷ ಬಚ್ಚಲುಮನೆಯಲ್ಲಿ ತಡ ಮಾಡಿದರೆ ನಾನು ಬಾಗಿಲ ಹತ್ತಿರ ಹೋಗಿ ಸುಮ್ಮಸುಮ್ಮನೆ ಕೆಮ್ಮುತ್ತೇನೆ. ನಾನಿರುವುದು ಹೀಗೆಯೇ ಎಂದು ಅವಳಿಗೆ ಗೊತ್ತು, ಒಳಗಿನಿಂದ ಅವಳೂ ಒಂದು ಸಲ ಕೆಮ್ಮುತ್ತಾಳೆ.

ಸಾಲಿನಲ್ಲಿ ನನಗಿನ್ನೂ ಬಡ್ತಿ ಸಿಕ್ಕಿಲ್ಲ, ನಡುವೆಯೇ ಇದ್ದೇನೆ. ಹೆದರಿಕೆಯ ಅಂಕ ಈಗ ನಾನೂ ಹಾಕಿಕೊಳ್ಳುತ್ತೇನೆ. ದಿನಾ ಬೆಳಗ್ಗೆ ಕಲ್ಲುಚಪ್ಪಡಿಯ ಹತ್ತಿರ ಚೈತ್ರ ಹಿಂದಕ್ಕೆ ತಿರುಗಿ ಕೇಳುತ್ತಾಳೆ:

"ಇವತ್ತು ಎಷ್ಟಪ್ಪ?"

"ಎಂಟು ಕಣವ್ವ. ನಿಂದು?"

"ನಾಕು."

ಇಷ್ಟು ವರ್ಷ ಮಕ್ಕಳಿಗೆ ಅಂಕ ಸಾಲದೆಂದು ಬೈದುಕೊಂಡು ಬಂದ ಮನುಷ್ಯ ನಾನು. ಈಗ ದೇವರಲ್ಲಿ ಕೇಳಿಕೊಳ್ಳುವುದು ಒಂದೇ, ಈ ಒಂದು ಪರೀಕ್ಷೆಯಲ್ಲಿ ನನ್ನ ಅಂಕ ಯಾವತ್ತೂ ಅವಳದಕ್ಕಿಂತ ಹೆಚ್ಚಿರಲಿ.